ಕಳಕವ್ವ ಎತ್ತಿಕೊಂಡ ಕೂಸು

ರೋಣದಲ್ಲಿ ಬಸ್ಸಿಳಿದು ಒಳ್ಳೆಯ ಖಡಕ್ ರೊಟ್ಟಿ ಎಲ್ಲಿ ಸಿಗುತ್ತದೆ ಎಂದು ಯಾರನ್ನು ಕೇಳಿದರೂ ಕಳಕವ್ವನ ಮನೆಯ ಕಡೆ ಕೈ ಮಾಡುತ್ತಿದ್ದರು. ಜೊತೆಗೊಂದು ಕಿವಿಮಾತು: "ರೊಟ್ಟಿ ಮುಟ್ಟಿ ನೋಡಾಕ ಹೋಗಬ್ಯಾಡ್ರಿ ಮತ್ತ, ಬೈತಾಳ." ಬೈಯುವುದೆಂದರೆ ಅಂತಿಂಥ ಬೈಗುಳವಲ್ಲ. ಗಿರಾಕಿಯ ಕೈ ಬುಟ್ಟಿಯ ಕಡೆ ಚಾಚಿತೋ, ಅವನ ಅಪ್ಪ, ಅವ್ವ, ಅಜ್ಜ ಎಲ್ಲರಿಗೂ ಅಲ್ಲೇ ಮಂಗಳಾರತಿ ಆಗುತ್ತಿತ್ತು. ಮುಟ್ಟಿದ ರೊಟ್ಟಿಯನ್ನು ಅವನ ಕೊರಳಿಗೇ ಕಟ್ಟಿ ಕಳಿಸುತ್ತಿದ್ದಳು.

ಹುಟ್ಟಿದ್ದು ಜಕ್ಕಲಿಯಲ್ಲಿ. ಇನ್ನೂ ಲಂಗ ತೊಡುವ ವಯಸ್ಸಿನಲ್ಲೇ ರೋಣಕ್ಕೆ ಸೊಸೆಯಾಗಿ ಬಂದಳು. ಗಂಡ ಶಿವನಪ್ಪ ಮಾರ್ಕೆಟ್ಟಿನಲ್ಲಿ ಕಡಲೆ ಚೀಲ ಹೊರುವ ಹಮಾಲ. ದುಡಿದಷ್ಟನ್ನೂ ಕುಡಿದ, ಕುಡಿದೇ ಸತ್ತ. ಮಗಳು ಪುಷ್ಪಾವತಿ, ಮಗ ದುರಗೇಶ, ಇಬ್ಬರನ್ನೂ ಕಳಕವ್ವ ರೊಟ್ಟಿ ಬಡಿದೇ ದೊಡ್ಡವರನ್ನಾಗಿ ಮಾಡಿದಳು. ಒಲೆಯ ಮುಂದೆ ಕೂರುವ ಮುಂಚೆ ಕೂದಲಿಗೆ ಅರಿವೆ ಬಿಗಿಯುತ್ತಿದ್ದಳು, ಮೊಣಕೈವರೆಗೆ ಕೈ ತೊಳೆಯುತ್ತಿದ್ದಳು. ಒಮ್ಮೆ ಹಿಟ್ಟಿನ ಮೇಲೆ ಇಲಿ ಹಾಯ್ದಿರಬಹುದು ಎಂಬ ಬರೀ ಅನುಮಾನಕ್ಕೆ ಬುಟ್ಟಿಗಟ್ಟಲೆ ಹಿಟ್ಟನ್ನು ಎಮ್ಮೆಗೆ ಸುರಿದವಳು. ಖಾನಾವಳಿಯವರು, ಮದುವೆ ಮನೆಯವರು, ದವಾಖಾನೆಯ ನರ್ಸುಗಳು, ಎಲ್ಲರಿಗೂ ಅವಳದೇ ರೊಟ್ಟಿ. ಚೊಕ್ಕ ಅಂದರೆ ಕಳಕವ್ವ ಎನ್ನುವುದು ಊರಿನ ಮಾತಾಗಿತ್ತು. ಆ ಮಾತು ಅವಳಿಗೆ ತಲೆಗೇರಿತ್ತು ಎಂದರೂ ತಪ್ಪಿಲ್ಲ.

ಮಗ ದುರಗೇಶ ಲಾರಿ ಹತ್ತಿದ. ಉಳ್ಳಾಗಡ್ಡಿ, ಹತ್ತಿ ಹೇರಿಕೊಂಡು ಎಲ್ಲೆಲ್ಲೋ ಹೋಗಿ ಬರುತ್ತಿದ್ದ. ಶಿರೋಳದ ರೂಪಾಳನ್ನು ತಂದು ಮದುವೆ ಮಾಡಿದರು. ವರ್ಷ ಕಳೆಯುವಷ್ಟರಲ್ಲಿ ಹುಡುಗ ಒಣಗತೊಡಗಿದ. ಕೆಮ್ಮು, ಭೇದಿ, ಬಾಯೊಳಗೆ ಹುಣ್ಣು. ಗದಗದ ಆಸ್ಪತ್ರೆಯಲ್ಲಿ ಡಾಕ್ಟರು ಕಳಕವ್ವನನ್ನು ಬದಿಗೆ ಕರೆದು ಎಚ್‌ಐವಿ ಎಂದರು. ಬಹಳ ತಡವಾಗಿದೆ ಎಂದೂ ಹೇಳಿದರು. ಹೆಣ ತಂದ ದಿನ ಓಣಿಯವರು ಏನಾಗಿತ್ತೆಂದು ಕೇಳಿದಾಗ ಅವಳು ಎದೆ ಬಡಿದುಕೊಳ್ಳುತ್ತಲೇ, "ಕಾಮಣಿ ಆಗಿತ್ತು ನನ್ನ ಕಂದಗ, ಮೈಯೆಲ್ಲಾ ಹಳದಿ ಆಗಿತ್ತು" ಎಂದಳು. ಅಳುವೂ ಖರೆ, ಸುಳ್ಳೂ ಖರೆ. ಇಂಥ ರೋಗದ ಮನೆಯ ರೊಟ್ಟಿಯನ್ನು ನಾಯಿಯೂ ಮೂಸುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆಗ ರೂಪಾ ಬಸುರಿ. ಅವಳ ರಕ್ತದಲ್ಲೂ ಅದೇ ಬಂತು. ಸರ್ಕಾರಿ ದವಾಖಾನೆಯ ಆಪ್ತ ಸಮಾಲೋಚಕಿ ಅನಿತಾ ಗುಳಿಗೆ ಕೊಟ್ಟು, ದಿನಾ ತಪ್ಪದೆ ನುಂಗಿದರೆ ಕೂಸಿಗೆ ಹತ್ತದಂತೆ ನೋಡಿಕೊಳ್ಳಬಹುದು ಎಂದು ಧೈರ್ಯ ಹೇಳಿದಳು. ರೂಪಾ ಒಂದು ಹೊತ್ತೂ ತಪ್ಪಿಸಲಿಲ್ಲ. ಆದರೆ ವಿಷಯ ತಿಳಿದ ತವರಿನವರು ಚೊಚ್ಚಲ ಬಾಣಂತನಕ್ಕೆ ಕರೆಯಲಿಲ್ಲ. ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳು ಮನೆಯಲ್ಲಿದ್ದಾರೆ ಎಂದು ಶಿರೋಳದಿಂದ ಹೇಳಿ ಕಳಿಸಿದರು. ಗಂಡು ಕೂಸು ಹುಟ್ಟಿತು. ಕಳಕವ್ವ ತಾಯಿ ಮಗನನ್ನು ಹಿತ್ತಲಿನ ಹಳೆಯ ದನದ ಖೋಲಿಗೆ ಹಾಕಿದಳು.

ಅಲ್ಲೇ ಬೇರೆ ಒಲೆ, ಬೇರೆ ತಾಟು, ಬೇರೆ ಕೊಡ. ರೂಪಾ ಹಿಟ್ಟಿನ ಕೋಣೆಯ ಹೊಸ್ತಿಲು ತುಳಿಯುವಂತಿರಲಿಲ್ಲ. ಕೂಸಿಗೆ ಎರೆಯುವುದು, ತೊಳೆಯುವುದು, ಒರೆಸುವುದು ಎಲ್ಲವೂ ಅವಳೊಬ್ಬಳದೇ. ಓಣಿಯ ಹೆಂಗಸರು ಕೂಸು ನೋಡಲು ಬಂದರೆ ಕಳಕವ್ವ ಬಾಗಿಲಿಗೆ ಅಡ್ಡ ನಿಂತು, "ತಂದಿ ಇಲ್ಲದ ಕೂಸು, ದೃಷ್ಟಿ ಆಕ್ಕೈತಿ, ಆಮ್ಯಾಲ ನೋಡೀರಂತ" ಎಂದು ತಿರುಗಿಸಿ ಕಳಿಸುತ್ತಿದ್ದಳು. ತಾನೂ ಮೊಮ್ಮಗನನ್ನು ದೂರದಿಂದಲೇ ನೋಡಿದಳು. ಅದು ಅತ್ತರೆ ಕಿವಿಗೆ ಸೆರಗು ಒತ್ತಿಕೊಂಡು ಜೋರಾಗಿ ರೊಟ್ಟಿ ಬಡಿಯುತ್ತಿದ್ದಳು.

ಅನ್ಯಾಯ ಹೌದು. ಆದರೆ ದೇವರ ಆಟ ನೋಡಿ, ಆ ಅನ್ಯಾಯದೊಳಗೆ ಕೂಸು ಗುಂಡಗೆ ಬೆಳೆಯಿತು. ಅವ್ವನ ಹಾಲು ಕುಡಿಯಿತು, ಅವ್ವನ ಮುಖವನ್ನೇ ನೋಡಿ ನಕ್ಕಿತು. ಬೇರೆ ಯಾರ ಉಸಿರೂ ಅದರ ಹತ್ತಿರ ಸುಳಿಯಲಿಲ್ಲ.

ಶ್ರಾವಣದ ಜಿಟಿಜಿಟಿ ಮಳೆ ಹಿಡಿದಿತ್ತು. ಕೂಸಿನ ಹಿಮ್ಮಡಿ ಚುಚ್ಚಿ ಒಯ್ದಿದ್ದ ರಕ್ತದ ಫಲಿತಾಂಶ ಬಂತೆಂದು ಅನಿತಾ ಕರೆದಳು. ಅತ್ತೆ ಸೊಸೆ ಇಬ್ಬರೂ ಹೋದರು.

"ಕಳಕವ್ವಾರ, ಕೂಸಿನ ರಕ್ತದಾಗ ಏನೂ ಇಲ್ರಿ. ಇನ್ನೂ ಮುಂದ ಪರೀಕ್ಷಾ ಅದಾವ, ಆದ್ರ ಈಗ ಚೊಕ್ಕ ಐತಿ," ಎಂದಳು ಅನಿತಾ. ರೂಪಾ ಅಲ್ಲೇ ನೆಲಕ್ಕೆ ಕುಸಿದು ಅತ್ತಳು. ಅನಿತಾ ಮಾತು ಮುಂದುವರಿಸಿದಳು: "ಒಂದ ಮಾತು ನೆನಪಿಡ್ರಿ. ಅವ್ವಗ ಈ ರೋಗ ಇದ್ದ ಕೂಸುಗಳು, ತಮಗ ಹತ್ತದಿದ್ರೂ, ನೆಗಡಿ ಕೆಮ್ಮು ಬೇರೆ ಕೂಸಿನಂಗ ತಡ್ಕೊಳ್ಳೂದಿಲ್ಲ. ಈಗ ಊರ ತುಂಬ ಎಳೆ ಕೂಸಿನ ಎದಿ ಹಿಡಿಯೂ ನೆಗಡಿ ಐತಿ. ಮಂದಿ ಕೈಯಾಗ ಕೊಡಬ್ಯಾಡ್ರಿ. ಉಸುರು ಎಳದ್ರ ಸೀದಾ ಇಲ್ಲಿಗೆ ತರ್ರಿ."

ಕಳಕವ್ವನ ಕಿವಿಗೆ ಮೊದಲ ಮಾತು ಬಿದ್ದದ್ದೇ ಸಾಕಾಗಿತ್ತು, ಉಳಿದದ್ದು ಗಾಳಿಗೆ ಹೋಯಿತು. ಅವಳು ಬಗ್ಗಿ ಸೊಸೆಯ ಮಡಿಲಿನಿಂದ ಕೂಸನ್ನು ಎತ್ತಿಕೊಂಡಳು. ಹುಟ್ಟಿದಾಗಿನಿಂದ ಅದೇ ಮೊದಲು. ದುರಗೇಶನದೇ ಗದ್ದ, ದುರಗೇಶನದೇ ಹುಬ್ಬು. "ಬಂದೀಯೇನೋ ನನ್ನಪ್ಪಾ" ಎಂದು ದವಾಖಾನೆಯ ಮೆಟ್ಟಿಲ ಮೇಲೇ ಲೊಚಲೊಚ ಮುದ್ದು ಕೊಟ್ಟಳು. ಮನೆಗೆ ಬಂದ ಮೇಲೆ ಕೂಸು ಹಿತ್ತಲಿಗೆ ಹೋಗಲಿಲ್ಲ. ಪಡಸಾಲೆಯಲ್ಲಿ, ರೊಟ್ಟಿಯ ಒಲೆಯ ಬಿಸಿ ತಾಗುವಲ್ಲಿ ಅದರ ಹಾಸಿಗೆ ಬಿತ್ತು. ರೂಪಾ ಮಾತ್ರ ದನದ ಖೋಲಿಯಲ್ಲೇ ಉಳಿದಳು. ಹಾಲು ಕುಡಿಸುವ ಹೊತ್ತಿಗೆ ಕರೆದರೆ ಬರಬೇಕು, ಕುಡಿಸಿ ಹೋಗಬೇಕು.

ಕೂಸಿಗೆ ಹೆಸರಿಡುವ ತೊಟ್ಟಿಲು ಮಾಡಬೇಕೆಂದು ಕಳಕವ್ವ ಅವತ್ತೇ ತೀರ್ಮಾನಿಸಿದಳು. ಅದೂ ಹೇಗೋ ಮಾಡಿ ಮುಗಿಸುವುದಲ್ಲ, ಓಣಿಗೆ ಓಣಿಯೇ ಬಾಯಿಬಿಟ್ಟು ನೋಡಬೇಕು. ಕೂಸನ್ನು ಯಾಕೆ ಮುಚ್ಚಿಡುತ್ತಾಳೆ ಎಂಬ ಗುಸುಗುಸು ಅವಳ ಕಿವಿಗೂ ಬಿದ್ದಿತ್ತು. ಆ ಬಾಯಿಗಳಿಗೆಲ್ಲ ಗುಗ್ಗರಿ ತುಂಬಿ ಮುಚ್ಚಬೇಕಾಗಿತ್ತು. ನರಗುಂದದಿಂದ ಮಗಳು ಪುಷ್ಪಾವತಿ ತನ್ನ ಚಿಕ್ಕ ಮಗನನ್ನು ಎತ್ತಿಕೊಂಡು ಬಂದಳು. ಹುಡುಗನ ಮೂಗಿನಿಂದ ಎರಡು ಕಾಲುವೆ. ಪುಷ್ಪಾವತಿಗೂ ದನಿ ಕಟ್ಟಿತ್ತು, ಮಾತಿಗೊಮ್ಮೆ ಕೆಮ್ಮುತ್ತಿದ್ದಳು.

ತೊಟ್ಟಿಲಲ್ಲಿ ಕೂಸನ್ನು ಮಲಗಿಸಿ, ಕಿವಿಯಲ್ಲಿ ಹೆಸರು ಹೇಳಿ, 'ಕುರ್ರ್' ಎಂದು ಊದುವುದು ಸೋದರತ್ತೆಯ ಹಕ್ಕು. ಆಗ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿ ನಗಬೇಕು. ಪುಷ್ಪಾವತಿ ಬಗ್ಗುವಷ್ಟರಲ್ಲಿ ರೂಪಾ ಹಿಂದಿನಿಂದ ಬಂದು ಅತ್ತೆಯ ಸೆರಗು ಹಿಡಿದು ಮೆಲ್ಲಗೆ ಹೇಳಿದಳು: "ಅತ್ತಿ, ಯಕ್ಕಾಗ ಕೆಮ್ಮ ಐತ್ರಿ. ಅನಿತಕ್ಕ ಹೇಳಿದ್ರಲ್ಲ. ಬ್ಯಾರೆ ಯಾರರ ಹೆಸರ ಹೇಳ್ಲಿರಿ, ಕೈ ಮುಗಿತೀನಿ."

ಕಳಕವ್ವ ನಗುಮುಖ ಕೆಡಿಸಿಕೊಳ್ಳದೆ, ಹಲ್ಲಿನ ಸಂದಿಯಿಂದಲೇ ಉತ್ತರ ಕೊಟ್ಟಳು: "ನನ್ನ ಮಗಳ ಕೆಮ್ಮು ಎಣಸಾಕ ಬಂದ್ಯಾ? ನಿನ್ನ ಮೈಯಾಗ ಏನೈತಿ ಅಂತ ಇಲ್ಲೇ ಹೇಳ್ಲೇನ, ಇಷ್ಟೂ ಮಂದಿ ಮುಂದ?"

ರೂಪಾಳ ಕೈ ಸೆರಗು ಬಿಟ್ಟಿತು. ಪುಷ್ಪಾವತಿ ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಗೆ ಬಾಯಿ ಹಚ್ಚಿ, "ದುರಗೇಶ, ದುರಗೇಶ, ಕುರ್ರ್ರ್" ಎಂದಳು. ಗುದ್ದು ಬೀಳುತ್ತಿದ್ದಂತೆ ನಗು ಬಂತು, ನಗುವಿನೊಂದಿಗೆ ಕೆಮ್ಮು ಬಂತು, ಅಷ್ಟೂ ಕೂಸಿನ ಮುಖದ ಮೇಲೆಯೇ. ಆಮೇಲೆ ಓಣಿಯ ಹೆಂಗಸರು ಕೂಸನ್ನು ಕೈಯಿಂದ ಕೈಗೆ ದಾಟಿಸಿದರು. ಮುದ್ದಿಟ್ಟರು, ಲಟಿಗೆ ಮುರಿದರು, ಥೇಟ್ ಅಪ್ಪನೇ ಎಂದರು. ಕಳಕವ್ವನಿಗೆ ಅವತ್ತು ಹಿಗ್ಗೋ ಹಿಗ್ಗು.

ಪುಷ್ಪಾವತಿ ನರಗುಂದಕ್ಕೆ ಹೋದಳು. ಕೂಸಿಗೆ ಮೂಗು ಕಟ್ಟಿತು. ಮೊದಲು ಸೀನು, ಆಮೇಲೆ ಗೊರಗೊರ ಸದ್ದು. ಮೊಲೆ ಬಾಯಿಗಿಟ್ಟರೆ ಎರಡು ಗುಟುಕು ಕುಡಿದು ಬಿಟ್ಟುಬಿಡುತ್ತಿತ್ತು. ಉಸಿರಾಡುವುದೋ ಹಾಲು ಕುಡಿಯುವುದೋ, ಎರಡರಲ್ಲಿ ಒಂದೇ ಅದಕ್ಕೆ ಸಾಧ್ಯವಾಗುತ್ತಿತ್ತು. ಕಳಕವ್ವ ಬೆಚ್ಚಗಿರಲೆಂದು ಹಾಸಿಗೆಯನ್ನು ಒಲೆಗೆ ಇನ್ನಷ್ಟು ಹತ್ತಿರ ಎಳೆದಳು. ಕೂಸು ಹೊಗೆಯಲ್ಲಿ ಕೆಮ್ಮುತ್ತಾ ಮಲಗಿತು, ಉಸಿರಿಗೊಮ್ಮೆ ಅದರ ಪಕ್ಕೆಲುಬುಗಳು ಒಳಗೆ ಸೆಳೆಯುತ್ತಿದ್ದವು.

"ಅತ್ತಿ, ಪಕ್ಕಡಿ ಒಳಗ ಹೊಂಟಾವ ನೋಡ್ರಿ. ದವಾಖಾನಿಗೆ ಹೋಗೂನು ನಡೀರಿ," ಎಂದಳು ರೂಪಾ.

ದವಾಖಾನೆಗೆ ಹೋಗುವುದು ಕಳಕವ್ವನಿಗೇನೂ ಬೇಡವಾಗಿರಲಿಲ್ಲ. ಆದರೆ ಸರ್ಕಾರಿ ದವಾಖಾನೆಯ ಮಕ್ಕಳ ವಾರ್ಡಿನಲ್ಲಿ ಕಸ ಗುಡಿಸುವವಳು ಇದೇ ಓಣಿಯ ಮರಿಯವ್ವ. ಅಲ್ಲಿ ಕೂಸನ್ನು ಮಲಗಿಸಿದರೆ ತಾಯಿಯ ಗುಳಿಗೆಯ ಮಾತು ಬರುತ್ತದೆ. ಅಲ್ಲಿ ಬಂದ ಮಾತು ಸಂಜೆಯೊಳಗೆ ಮರಿಯವ್ವನ ಬಾಯಿಂದ ಮನೆಮನೆ ಸುತ್ತುತ್ತದೆ. ಕೂಸೂ ಉಳಿಯಬೇಕು, ರೊಟ್ಟಿಯ ಹೆಸರೂ ಉಳಿಯಬೇಕು. ಕಳಕವ್ವ ಒಂದು ದಾರಿ ಹುಡುಕಿದಳು. ಗಜೇಂದ್ರಗಡದಲ್ಲಿ ಒಬ್ಬ ಖಾಸಗಿ ಡಾಕ್ಟರಿದ್ದಾನೆ, ಅವನಿಗೆ ತಮ್ಮ ಗುರುತಿಲ್ಲ. ರೂಪಾಳನ್ನು ಕರೆದೊಯ್ದರೆ ಅವಳು ಬಾಯಿ ಬಿಟ್ಟಾಳು ಎಂದು, ಕೂಸನ್ನು ತಾನೇ ಸುತ್ತಿಕೊಂಡು ಬಸ್ಸು ಹತ್ತಿದಳು. ರೂಪಾ ಬಸ್ಸಿನ ಹಿಂದೆ ಓಡಿ, "ಹಾಲಿಗೆ ನಾ ಬ್ಯಾಡೇನ್ರಿ? ಹಸಿದ್ರ ಏನ ಮಾಡ್ತೀರಿ?" ಎಂದು ಕೂಗಿದ್ದು ಬಸ್ಸಿನ ಸದ್ದಿನಲ್ಲಿ ಮುಳುಗಿತು.

ಡಾಕ್ಟರು ಒಳ್ಳೆಯವನೇ. ಕಳಕವ್ವ ಅರೆ ಸಡಿಲಿಸಿದ ಅರಿವೆಯ ಸಂದಿನಿಂದಲೇ ಎದೆಗೆ ಕೊಳವೆ ಇಟ್ಟು ಕೇಳಿ, "ಈ ಮಳಿಗಾಲದಾಗ ಎಲ್ಲಾ ಕೂಸಿಗೂ ಇದ ಬಂದೈತಿ. ಗಟ್ಟಿ ಕೂಸಾದ್ರ ತಾನ ಕಡಿಮಿ ಆಕ್ಕೈತಿ. ಹಾಲು ಕುಡೀತೈತೇನ್ರಿ?" ಎಂದು ಕೇಳಿದ.

"ಹೌದ್ರಿ, ಕುಡೀತಾನ," ಎಂದಳು ಕಳಕವ್ವ. ಇಲ್ಲ ಎಂದರೆ ತಾಯಿಯನ್ನು ಕರೆಸು ಎಂದಾನು ಎಂಬ ಹೆದರಿಕೆ.

"ತಾಯಿಗೆ ಏನರ ರೋಗ ಐತೇನು?"

"ಏನಿಲ್ರಿ ಸಾಹೇಬ್ರ. ಗಟ್ಟಿಮುಟ್ಟ ಅದಾಳ. ಹೊಲದ ಕೆಲಸಕ್ಕ ಹೋಗ್ಯಾಳ."

ಡಾಕ್ಟರು ಮೂಗಿಗೆ ಹನಿ ಬರೆದುಕೊಟ್ಟ, ಯಂತ್ರದಿಂದ ಹಬೆ ಕೊಡಿಸಿದ. "ಹಾಲು ಬಿಟ್ರ, ಪಕ್ಕಡಿ ಎಳದ್ರ, ಒಂದ ತಾಸೂ ನಿಲ್ಲಬ್ಯಾಡ್ರಿ, ಗದಗಕ್ಕ ಒಯ್ರಿ," ಎಂದು ಮತ್ತೆ ಮತ್ತೆ ಹೇಳಿ ಕಳಿಸಿದ. ಹಾಲು ಬಿಟ್ಟಾಗಿತ್ತು. ಪಕ್ಕಡಿ ಎಳೆಯುತ್ತಲೇ ಇತ್ತು, ಹಬೆ ಹೊಡೆದ ಮೇಲೆ ಒಂದಿಷ್ಟು ತಗ್ಗಿತ್ತು ಅಷ್ಟೆ. ಕಳಕವ್ವ ಅದನ್ನೇ ಹಿಡಿದುಕೊಂಡಳು. ಕಡಿಮೆಯಾಯಿತು, ದೊಡ್ಡ ಡಾಕ್ಟರ ಕೈಗುಣ ಎಂದು ಬಸ್ಸಿನಲ್ಲಿ ಪಕ್ಕದವಳಿಗೆ ಹೇಳಿಕೊಂಡಳು. ಕಾಲಕಾಲೇಶ್ವರನಿಗೆ ಹರಕೆಯನ್ನೂ ಹೊತ್ತಳು. ರಸ್ತೆಯುದ್ದಕ್ಕೂ ಕೂಸು ಸೆರಗಿನೊಳಗೆ ಬಾಯಿ ತೆರೆದು ಮುಚ್ಚಿ ಏನನ್ನೋ ಹುಡುಕುತ್ತಿತ್ತು. ಅವಳು ಅದನ್ನು ತನ್ನ ಒಣಗಿದ ಎದೆಗೆ ಒತ್ತಿಕೊಂಡಳು.

ಮರುದಿನ ಬೆಳಗ್ಗೆ ಕೂಸಿನ ತುಟಿ ಕಪ್ಪಿಟ್ಟಿತ್ತು. ಈ ಸಲ ರೂಪಾ ಕೇಳಲಿಲ್ಲ. ಹಾಸಿಗೆಯಿಂದ ಮಗನನ್ನು ಕಿತ್ತುಕೊಂಡು ಸೀದಾ ಸರ್ಕಾರಿ ದವಾಖಾನೆಗೆ ಓಡಿದಳು. ಅಡ್ಡ ಬಂದ ಅತ್ತೆಯನ್ನು ದೂಡಿಯೇ ಹೋದಳು. ಕಳಕವ್ವ ಹಿಟ್ಟಿನ ಕೈಯಲ್ಲೇ ಹಿಂದೆ ಓಡಿದಳು. ಅಲ್ಲಿ ಚೀಟಿಯ ಪಾಳಿ ಬಾಗಿಲವರೆಗೂ ನಿಂತಿತ್ತು, ಎಲ್ಲರ ಕಂಕುಳಲ್ಲೂ ಕೆಮ್ಮುವ ಕೂಸುಗಳು. "ಪಾಳಿ ಹಚ್ಚಬೇ, ನಮ್ಮವೇನ ಕೂಸಲ್ಲೇನ?" ಎಂದು ಯಾರೋ ಗದರಿದರು. ಮರಿಯವ್ವ ಕಸಬರಿಗೆ ಹಿಡಿದು ನೋಡುತ್ತಿದ್ದಳು. ಕಳಕವ್ವ ಸೊಸೆಯ ರಟ್ಟೆ ಜಿಗುಟಿ, "ಬಾಯಿ ಮುಚಗೊಂಡ ನಿಂದರ," ಎಂದಳು.

ರೂಪಾ ಬಾಯಿ ಮುಚ್ಚಲಿಲ್ಲ. ಅಷ್ಟೂ ಜನರ ನಡುವೆ ನಿಂತು ಗಂಟಲು ಹರಿಯುವಂತೆ ಕೂಗಿದಳು: "ನನಗ ಎಚ್‌ಐವಿ ಐತ್ರಿ! ನನ್ನ ಕೂಸು ಸಾಯಾಕತ್ತೈತಿ, ನೋಡ್ರಿ ಯಾರರ!"

ಪಾಳಿ ತಾನಾಗಿಯೇ ಸರಿದು ದಾರಿ ಬಿಟ್ಟಿತು. ಡಾಕ್ಟರು ಓಡಿ ಬಂದರು. ಆಕ್ಸಿಜನ್ ಹಚ್ಚಿದರು, ಆ್ಯಂಬುಲೆನ್ಸ್ ಬಂತು, ಯಾರೂ ಒಂದು ಕ್ಷಣ ತಡಮಾಡಲಿಲ್ಲ. ತಡವೆಲ್ಲ ಅದಕ್ಕಿಂತ ಮುಂಚೆಯೇ ಆಗಿಹೋಗಿತ್ತು. ಗದಗದಲ್ಲಿ ಗಾಜಿನ ಕೋಣೆಯೊಳಗೆ ಕೂಸಿನ ಎದೆಯ ಮೇಲೆ ಎರಡು ಬೆರಳಿಟ್ಟು ಒತ್ತಿದರು. ಒತ್ತಿ ಒತ್ತಿ ಕೊನೆಗೆ ಕೈ ತೆಗೆದರು.

ಹೊರಗೆ ಬಂದ ಡಾಕ್ಟರಮ್ಮ ಅತ್ತೆ ಸೊಸೆ ಇಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದರು: "ಇದು ಎಚ್‌ಐವಿ ಅಲ್ರಿ. ಈಗ ಎಲ್ಲಾ ಕೂಸಿಗೂ ಬಂದಿರೂ ನೆಗಡಿ, ಪುಪ್ಪುಸಕ್ಕ ಇಳದೈತಿ. ತಾಯಿಗೆ ರೋಗ ಇದ್ದ ಕೂಸುಗಳಿಗೆ ಇದು ಭಾಳ ಜೋರಾಗಿ ಹೊಡೀತದ. ಮನ್ಯಾಗ ಯಾರಿಗೆ ನೆಗಡಿ ಆಗಿತ್ತು? ನಿನ್ನಿ ಎಲ್ಲಾದ್ರೂ ತೋರಿಸಿದ್ರೇನು?"

"ಇಲ್ರಿ," ಎಂದಳು ಕಳಕವ್ವ. ರೂಪಾ ತಲೆ ಎತ್ತಿ ಅತ್ತೆಯನ್ನು ನೋಡಿದಳು. ಅವಳ ಕುಪ್ಪಸದ ಮುಂಭಾಗ ಹಾಲಿನಿಂದ ತೊಯ್ದು ಹೋಗಿತ್ತು.

ಕೂಸನ್ನು ಮಣ್ಣು ಮಾಡಿ ಬರುವಷ್ಟರಲ್ಲಿ ರೋಣಕ್ಕೆಲ್ಲ ಸುದ್ದಿಯಾಗಿತ್ತು. ಹೆಂಗಸರು ಅಂಗಳದವರೆಗೆ ಬಂದು ಅಲ್ಲೇ ನಿಂತರು, ಒಳಗೆ ಕಾಲಿಡಲಿಲ್ಲ. ಮರಿಯವ್ವ ಎಲ್ಲರ ಪರವಾಗಿ ಕೇಳಿದಳು: "ಕಳಕಕ್ಕ, ಆಕಿ ಅಂದಿದ್ದು ಖರೇನ?"

ಕಳಕವ್ವ ಲೆಕ್ಕ ಹಾಕಿದಳು. ಮುಚ್ಚಿಟ್ಟದ್ದು ಬೀದಿಗೆ ಬಿದ್ದಿತ್ತು, ಅದನ್ನು ಮತ್ತೆ ಬಾಚಿಕೊಳ್ಳಲು ಬರುವಂತಿರಲಿಲ್ಲ. ಕೂಸು ನೆಗಡಿಯಿಂದ ಸತ್ತಿತೆಂದರೆ ತೊಟ್ಟಿಲು ಕಟ್ಟಿದವಳು ತಾನು, ಮಗಳನ್ನು ಅದರ ಮುಖಕ್ಕೆ ಬಗ್ಗಿಸಿದವಳು ತಾನು, ಹಸಿದ ಕೂಸನ್ನು ಗಜೇಂದ್ರಗಡಕ್ಕೆ ಹೊತ್ತೊಯ್ದು ಸುಳ್ಳು ಹೇಳಿದವಳೂ ತಾನೇ. ಎಚ್‌ಐವಿಯಿಂದ ಸತ್ತಿತೆಂದರೆ ಅಷ್ಟೂ ರೂಪಾಳ ತಲೆಗೆ. ಮಗ ಸತ್ತಾಗಿನಿಂದ ಯಾವ ಮಾತನ್ನು ನಾಲಿಗೆಯಡಿ ಒತ್ತಿಟ್ಟಿದ್ದಳೋ, ಅದನ್ನೇ ಈಗ ಅಂಗಳಕ್ಕೆ ಉಗುಳಿದಳು.

"ಖರೇನ ಯವ್ವಾ. ಮೊದಲ ನನ್ನ ಮಗನ್ನ ತಿಂದ್ಲು, ಈಗ ಮೊಮ್ಮಗನ್ನ ತಿಂದ್ಲು. ನನಗ ಇವತ್ತ ಗೊತ್ತಾತು. ಮೋಸ ಮಾಡಿದ್ಲು ರಂಡಿ!"

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ಅದು ನಿಜವೆನ್ನಿಸತೊಡಗಿತು. ಜೋರಾಗಿ ಅತ್ತಳು. ಆಗ ಹೆಂಗಸರು ಒಳಗೆ ಬಂದರು. ಅವಳ ಬೆನ್ನು ಸವರಿದರು, ರೂಪಾ ಕುಳಿತ ಮೂಲೆಯಿಂದ ತಂತಮ್ಮ ಮಕ್ಕಳನ್ನು ಈಚೆಗೆ ಎಳೆದುಕೊಂಡರು.

ನರಗುಂದದಿಂದ ಪುಷ್ಪಾವತಿ ಬಂದಿದ್ದಳು. ಸುದ್ದಿ ಕೇಳಿದಾಗಿನಿಂದ ಒಂದು ತುತ್ತೂ ಮುಟ್ಟಿರಲಿಲ್ಲ. ಅವಳ ಮಗ ಇನ್ನೂ ಕೆಮ್ಮುತ್ತಲೇ ಇದ್ದ. ಅವ್ವನ ಕೈ ಹಿಡಿದು ಎಲ್ಲರೆದುರೇ ಕೇಳಿದಳು: "ಯವ್ವಾ, ಖರೇ ಹೇಳಬೇ. ನನ್ನ ನೆಗಡಿ ಹತ್ತೇನ ಸತ್ತಾನ ಅವ?"

ರೂಪಾ ಮೂಲೆಯಲ್ಲಿ ಅರಿವೆ ಗಂಟು ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. ಆ ಮನೆಯಲ್ಲಿ ಉತ್ತರ ಗೊತ್ತಿದ್ದವರು ಇಬ್ಬರೇ.

"ಹುಚ್ಚಿ ಅದೀಯೇನ," ಎಂದಳು ಕಳಕವ್ವ. "ನೆಗಡಿಲಿಂದ ಯಾರರ ಸಾಯ್ತಾರೇನ? ಆಕಿ ಹಾಲು ಕುಡದ ಸತ್ತಾನ."

ರೂಪಾ ಗಂಟು ಎತ್ತಿಕೊಂಡು ಹೊರಟಳು. ಎಲ್ಲಿಗೆಂದು ಯಾರೂ ಕೇಳಲಿಲ್ಲ. ಅವಳ ಸೆರಗು ತಾಗೀತೆಂದು ಹೆಂಗಸರು ಗೋಡೆಗೆ ಒತ್ತಿ ನಿಂತರು. ಎದುರು ಮನೆಯ ಹುಸ್ನಾ ಹೊಸ ಬಾಣಂತಿ. ಎಳೆ ಕೂಸನ್ನು ಎದೆಗೆ ಅವುಚಿಕೊಂಡು ಕಳಕವ್ವನ ಮನೆ ಬಾಗಿಲಲ್ಲೇ ನಿಂತಿದ್ದವಳು, ರೂಪಾ ಬರುವುದನ್ನು ಕಂಡು ಗಾಬರಿಯಾಗಿ ಒಳಗೆ ಸರಿದು ಪುಷ್ಪಾವತಿಯ ಪಕ್ಕ ಕುಳಿತಳು. "ಇಲ್ಲಿ ತಾರವಾ, ಆಕಿ ಗಾಳಿ ತಾಗೀತು," ಎಂದು ಪುಷ್ಪಾವತಿ ಆ ಕೂಸನ್ನು ತನ್ನ ತೊಡೆಯ ಮೇಲೆ ಹಾಕಿಕೊಂಡಳು. ಅವಳ ಮಗ ತೆವಳಿಕೊಂಡು ಬಂದು, ಒಮ್ಮೆ ಕೆಮ್ಮಿ, ಸುರಿಯುವ ಮೂಗನ್ನು ಕೂಸಿನ ಕೆನ್ನೆಗೆ ಒತ್ತಿ ಮುದ್ದು ಕೊಟ್ಟ.

ಕಳಕವ್ವ ಅದನ್ನು ನೋಡಿದಳು. ಬೇಡ, ತೆಗಿ ಎನ್ನಲು ಬಾಯಿ ತೆರೆದಳು. ತೆಗಿ ಎಂದರೆ ಯಾಕೆಂದು ಕೇಳುತ್ತಾರೆ. ಅವಳು ಬಾಯಿ ಮುಚ್ಚಿಕೊಂಡು, ಬಂದವರಿಗೆ ನೀರು ತರಲು ಒಳಗೆ ಹೋದಳು.